ಓಎಸ್ ಅಪ್‌ಗ್ರೇಡ್ ನಂತರ ಲ್ಯಾಪ್‌ಟಾಪ್ ಬ್ಯಾಟರಿ ಬೇಗ ಇಳಿಯುತ್ತಿದ್ದರೆ: ಕಾರಣ ಪತ್ತೆಹಚ್ಚಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ವಿಂಡೋಸ್ 10 ಎಂಬ ಓಎಸ್‌ಗೆ (ಲ್ಯಾಪ್‌ಟಾಪ್ ನಡೆಸುವ ಮೂಲ ತಂತ್ರಾಂಶಕ್ಕೆ) ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅದರ ಆಚೀಚೆ ವಿಂಡೋಸ್ 11ಕ್ಕೆ ಹೋದವರಿಂದ ಹೆಚ್ಚಾಗಿ ಕೇಳಿಬರುವ ದೂರು ಬ್ಯಾಟರಿ ಬ್ಯಾಕಪ್‌ನದ್ದು: ನಾಲ್ಕು ಗಂಟೆ ಬರುತ್ತಿದ್ದ ಚಾರ್ಜ್ ಈಗ ಎರಡೂವರೆ ಗಂಟೆಗೇ ಮುಗಿಯುತ್ತದೆ ಎಂಬುದು. ಬೆಂಗಳೂರಿನ ಕಚೇರಿಯಲ್ಲಿ ಕುಳಿತವರಿಗೆ ಇದು ಸಣ್ಣ ಕಿರಿಕಿರಿಯಷ್ಟೇ ಆಗಿರಬಹುದು. ಆದರೆ ಆಷಾಢದ ಮಳೆಗೆ ಮರ ಬಿದ್ದು ಅರ್ಧ ದಿನ ಕರೆಂಟ್ ಇಲ್ಲದ ಮೂಡಿಗೆರೆ, ಸಕಲೇಶಪುರ, ಕಳಸದ ಕಡೆಯಲ್ಲಿ ತೋಟದ ಚೆಕ್‌ರೋಲ್ (ಕಾರ್ಮಿಕರ ಹಾಜರಿ, ಕೂಲಿಯ ಪಟ್ಟಿ) ಲೆಕ್ಕ ಮುಗಿಸಬೇಕಾದ ರೈಟರಿಗೂ (ತೋಟದ ಗುಮಾಸ್ತರಿಗೂ), ಪ್ರಾಜೆಕ್ಟ್ ವರದಿ ಕಳುಹಿಸಬೇಕಾದ ವಿದ್ಯಾರ್ಥಿಗೂ ಆ ಒಂದೂವರೆ ಗಂಟೆ ದೊಡ್ಡದು.

ಈ ದೂರಿನ ಹಿಂದೆ ಎರಡು ಬೇರೆ ಬೇರೆ ಸಮಸ್ಯೆಗಳಿರಬಹುದು, ಅವನ್ನು ಬೆರೆಸಿಕೊಂಡರೆ ಪರಿಹಾರ ಸಿಗುವುದಿಲ್ಲ. ಮನೆಯ ಮೇಲಿನ ನೀರಿನ ಟ್ಯಾಂಕ್ ಬೇಗ ಖಾಲಿಯಾಗುತ್ತಿದ್ದರೆ ಟ್ಯಾಂಕಿನಲ್ಲಿ ಹೂಳು ತುಂಬಿ ಅದರ ಅಳತೆ ಕಡಿಮೆಯಾಗಿರಬಹುದು, ಇಲ್ಲವೇ ಎಲ್ಲೋ ನಲ್ಲಿ ಸೋರುತ್ತಿರಬಹುದು. ಹಾಗೆಯೇ ಬ್ಯಾಟರಿಯ ಸಾಮರ್ಥ್ಯ ಕುಗ್ಗಿರಬಹುದು, ಅಥವಾ ಲ್ಯಾಪ್‌ಟಾಪ್ ವಿದ್ಯುತ್ತನ್ನು ಹೆಚ್ಚು ಬಳಸುತ್ತಿರಬಹುದು. ಲಿಥಿಯಂ-ಅಯಾನ್ ಬ್ಯಾಟರಿ ಸವೆಯುವುದು ವರ್ಷಗಳ ಅವಧಿಯಲ್ಲಿ. ಓಎಸ್ ಬದಲಾದ ಮಾತ್ರಕ್ಕೆ ಒಂದೇ ರಾತ್ರಿಯಲ್ಲಿ ಅದರ ಸಾಮರ್ಥ್ಯ ಕುಸಿಯುವುದಿಲ್ಲ. ಅಪ್‌ಗ್ರೇಡ್‌ನಿಂದ ಬದಲಾಗುವುದು ಖರ್ಚು. ಆದರೆ 2020–21ರಲ್ಲಿ ಆನ್‌ಲೈನ್ ತರಗತಿಗಳಿಗೆಂದು ಕೊಂಡ ಲ್ಯಾಪ್‌ಟಾಪ್‌ಗಳಿಗೆ ಈಗ ಐದು ವರ್ಷದ ಆಸುಪಾಸು ಆಗಿರುವುದರಿಂದ ಎರಡೂ ಒಟ್ಟಿಗೆ ಎದುರಾಗುವುದು ಸಾಮಾನ್ಯ. ಆದ್ದರಿಂದ ಮೊದಲು ಅಳೆಯಬೇಕು, ನಂತರ ಸೆಟ್ಟಿಂಗ್ ಮುಟ್ಟಬೇಕು. ಅದೂ ಒಂದು ಸಲಕ್ಕೆ ಒಂದನ್ನು ಮಾತ್ರ.

ಎಲ್ಲಕ್ಕಿಂತ ಮೊದಲು: ಹತ್ತು ದಿನದ ಗಡುವು

ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿದವರಿಗೆ ಹಳೆಯದಕ್ಕೆ ಮರಳಲು 10 ದಿನಗಳ ಅವಕಾಶ ಇರುತ್ತದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದೊಳಗಿನ ರಿಕವರಿ ಪುಟದಲ್ಲಿ ಗೋ ಬ್ಯಾಕ್ ಎಂಬ ಬಟನ್ ಕಾಣುತ್ತದೆ. ಅದು ಕೆಲಸ ಮಾಡಲು ಸಿ ಡ್ರೈವ್‌ನಲ್ಲಿ ಉಳಿಸಿರುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಬೇಕು. ಡಿಸ್ಕ್‌ನಲ್ಲಿ ಜಾಗವಿಲ್ಲವೆಂದು ಆ ಫೋಲ್ಡರನ್ನು ಅಳಿಸಿದವರಿಗೂ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಸಿದವರಿಗೂ ಈ ದಾರಿ ಇಲ್ಲ. ಮರಳುವ ಆತುರ ಬೇಡ, ಏಕೆಂದರೆ ಮೊದಲ ಕೆಲವು ದಿನಗಳ ಇಳಿತ ಬಹುಪಾಲು ತಾತ್ಕಾಲಿಕ. ಆದರೆ ಗಡುವಿನ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು, ಕೆಳಗಿನ ಪರೀಕ್ಷೆಗಳನ್ನು ಅದರೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು. ಮರಳುವವರು ವಿಂಡೋಸ್ 10ರ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿಕೊಳ್ಳಲೇಬೇಕು.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುವುದು

ಇದಕ್ಕೆ ಯಾವ ಹೊಸ ಸಾಫ್ಟ್‌ವೇರೂ ಬೇಕಿಲ್ಲ. ಸ್ಟಾರ್ಟ್ ಮೆನು ತೆರೆದು ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಟೈಪ್ ಮಾಡಿದರೆ ಕಮಾಂಡ್ ಪ್ರಾಂಪ್ಟ್ ಕಾಣಿಸುತ್ತದೆ. ಅದರ ಕಪ್ಪು ಕಿಟಕಿಯಲ್ಲಿ ಪವರ್ ಎಂಬ ಪದಕ್ಕೆ ಅಂಟಿದಂತೆ ಸಿ, ಎಫ್, ಜಿ ಅಕ್ಷರಗಳನ್ನು ಬರೆದು, ಒಂದು ಜಾಗ ಬಿಟ್ಟು, ಮುಂದಕ್ಕೆ ವಾಲಿದ ಓರೆಗೆರೆ ಹಾಕಿ, ಅದಕ್ಕೆ ಅಂಟಿದಂತೆ ಬ್ಯಾಟರಿ ಮತ್ತು ರಿಪೋರ್ಟ್ ಎಂಬ ಪದಗಳನ್ನು ನಡುವೆ ಜಾಗವಿಲ್ಲದೆ ಒಂದೇ ಪದವಾಗಿ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಬೇಕು. ವರದಿ ಯಾವ ಫೋಲ್ಡರ್‌ನಲ್ಲಿ ಉಳಿಯಿತು ಎಂಬುದನ್ನು ಪರದೆಯೇ ತಿಳಿಸುತ್ತದೆ. ಆ ಕಡತವನ್ನು ಕ್ರೋಮ್ ಅಥವಾ ಎಡ್ಜ್‌ನಲ್ಲಿ ತೆರೆಯಬಹುದು.

ವರದಿಯಲ್ಲಿ ಮೊದಲು ನೋಡಬೇಕಾದದ್ದು ಎರಡು ಸಂಖ್ಯೆಗಳನ್ನು. ಡಿಸೈನ್ ಕೆಪಾಸಿಟಿ ಎಂದರೆ ಬ್ಯಾಟರಿ ಹೊಸದಿದ್ದಾಗ ತಯಾರಕರು ಹೇಳಿದ ಸಾಮರ್ಥ್ಯ. ಫುಲ್ ಚಾರ್ಜ್ ಕೆಪಾಸಿಟಿ ಎಂದರೆ ಈಗ ಪೂರ್ತಿ ಚಾರ್ಜ್ ಮಾಡಿದಾಗ ಅದು ಹಿಡಿಯುವ ಪ್ರಮಾಣ. ಎರಡೂ ಮಿಲಿವ್ಯಾಟ್-ಗಂಟೆಗಳಲ್ಲಿರುತ್ತವೆ. ಉದಾಹರಣೆಗೆ ಮೊದಲನೆಯದು 41,000 ಇದ್ದು ಎರಡನೆಯದು 27,000 ಇದ್ದರೆ ಬ್ಯಾಟರಿಯಲ್ಲಿ ಮೂಲ ಸಾಮರ್ಥ್ಯದ ಸುಮಾರು ಶೇ. 66 ಮಾತ್ರ ಉಳಿದಿದೆ ಎಂದರ್ಥ. ಶೇ. 80ಕ್ಕಿಂತ ಮೇಲಿದ್ದರೆ ಬ್ಯಾಟರಿಯನ್ನು ದೂರುವಂತಿಲ್ಲ. ಶೇ. 60ರಿಂದ 80ರ ನಡುವೆ ಇದ್ದರೆ ಸವೆತವೂ ಒಂದು ಪಾಲುದಾರ. ಅದಕ್ಕಿಂತ ಕೆಳಗಿದ್ದರೆ ಸೆಟ್ಟಿಂಗ್‌ಗಳಿಂದ ಸಿಗುವ ಲಾಭ ಅಲ್ಪ. ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೈಕಲ್ ಕೌಂಟ್, ಅಂದರೆ ಬ್ಯಾಟರಿ ಪೂರ್ತಿ ತುಂಬಿ ಖಾಲಿಯಾದಷ್ಟು ಬಳಕೆ ಎಷ್ಟು ಸಲ ಆಗಿದೆ ಎಂಬ ಲೆಕ್ಕ ಕೂಡ ಕಾಣುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್ ಬ್ಯಾಟರಿಗಳು 300ರಿಂದ 500 ಪೂರ್ಣ ಸೈಕಲ್‌ಗಳ ನಂತರ ಎದ್ದು ಕಾಣುವಷ್ಟು ಸವೆದಿರುತ್ತವೆ.

ಗಂಟೆಗೆ ಎಷ್ಟು ಖರ್ಚಾಗುತ್ತಿದೆ

"ಮೊದಲು ಚೆನ್ನಾಗಿ ಬರುತ್ತಿತ್ತು" ಎಂಬ ನೆನಪು ಅಳತೆಯಲ್ಲ. ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ಪರದೆಯ ಬೆಳಕನ್ನು ಅರ್ಧಕ್ಕೆ ಇರಿಸಿ, ದಿನನಿತ್ಯ ಮಾಡುವ ಕೆಲಸವನ್ನೇ ಒಂದು ಗಂಟೆ ಮಾಡಿ, ಶೇಕಡಾ ಎಷ್ಟು ಇಳಿಯಿತು ಎಂದು ಬರೆದಿಟ್ಟುಕೊಳ್ಳಬೇಕು. ಮೇಲಿನ ಉದಾಹರಣೆಯ ಬ್ಯಾಟರಿಯಲ್ಲಿ ಗಂಟೆಗೆ ಶೇ. 37 ಇಳಿದರೆ ಖರ್ಚು ಸುಮಾರು 10 ವ್ಯಾಟ್, ಶೇ. 26 ಇಳಿದರೆ ಸುಮಾರು 7 ವ್ಯಾಟ್. ಬ್ಯಾಟರಿ ವರದಿಯ ಬ್ಯಾಟರಿ ಯೂಸೇಜ್ ಭಾಗದಲ್ಲೂ ಇತ್ತೀಚಿನ ಕೆಲವು ದಿನಗಳಲ್ಲಿ ಪ್ರತಿ ಸಲ ಎಷ್ಟು ಹೊತ್ತಿಗೆ ಎಷ್ಟು ಮಿಲಿವ್ಯಾಟ್-ಗಂಟೆ ಇಳಿಯಿತು ಎಂಬ ಲೆಕ್ಕ ಸಿಗುತ್ತದೆ.

ಈ ಲೆಕ್ಕದ ಪ್ರಯೋಜನ ಇಷ್ಟು: ಹೊಸದಿದ್ದಾಗ 41 ವ್ಯಾಟ್-ಗಂಟೆಯ ಬ್ಯಾಟರಿ 7 ವ್ಯಾಟ್ ಖರ್ಚಿನಲ್ಲಿ ಆರು ಗಂಟೆಯ ಹತ್ತಿರ ಬರುತ್ತಿತ್ತು. ಸವೆದು 27ಕ್ಕೆ ಇಳಿದ ಮೇಲೆ ಅದೇ ಖರ್ಚಿಗೆ ನಾಲ್ಕು ಗಂಟೆಯೂ ತುಂಬುವುದಿಲ್ಲ. ಅಪ್‌ಗ್ರೇಡ್ ಆಗಿ ಖರ್ಚು 10 ವ್ಯಾಟ್‌ಗೆ ಏರಿದರೆ ಉಳಿಯುವುದು ಎರಡು ಮುಕ್ಕಾಲು ಗಂಟೆಗೂ ಒಂದಿಷ್ಟು ಕಡಿಮೆ. ಆರರಿಂದ ನಾಲ್ಕಕ್ಕೆ ಇಳಿದದ್ದು ವರ್ಷಗಳಲ್ಲಿ ಮೆಲ್ಲಗೆ ಆದದ್ದರಿಂದ ಯಾರ ಗಮನಕ್ಕೂ ಬಂದಿರುವುದಿಲ್ಲ. ನಾಲ್ಕರಿಂದ ಎರಡು ಮುಕ್ಕಾಲಿಗೆ ಒಮ್ಮೆಲೇ ಇಳಿದದ್ದು ಮಾತ್ರ ಕಣ್ಣಿಗೆ ಬೀಳುತ್ತದೆ. ನಾವು ಸೆಟ್ಟಿಂಗ್‌ಗಳಿಂದ ಮರಳಿ ಪಡೆಯಬಹುದಾದದ್ದು ಈ ಎರಡನೆಯ ಪಾಲನ್ನು ಮಾತ್ರ.

ಹಿನ್ನೆಲೆಯ ಕೆಲಸ ಮುಗಿಯಲು ಬಿಡುವುದು

ಅಪ್‌ಗ್ರೇಡ್ ಮುಗಿದು ಡೆಸ್ಕ್‌ಟಾಪ್ ಕಾಣಿಸಿಕೊಂಡಿತೆಂದರೆ ಕೆಲಸವೆಲ್ಲ ಮುಗಿಯಿತೆಂದಲ್ಲ. ಕಡತಗಳನ್ನೆಲ್ಲ ಹುಡುಕಾಟಕ್ಕಾಗಿ ಹೊಸದಾಗಿ ಸೂಚಿ ಮಾಡುವುದು, ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್‌ನ ತಪಾಸಣೆ, ಸ್ಟೋರ್‌ನ ಆಪ್‌ಗಳು ಒಂದೊಂದಾಗಿ ಅಪ್‌ಡೇಟ್ ಆಗುವುದು, ಕಡತಗಳನ್ನು ಇಂಟರ್ನೆಟ್‌ನಲ್ಲಿ ಉಳಿಸುವ ಒನ್‌ಡ್ರೈವ್ ತನ್ನ ಫೋಲ್ಡರ್‌ಗಳನ್ನು ಮತ್ತೆ ಹೊಂದಿಸಿಕೊಳ್ಳುವುದು ಇವೆಲ್ಲ ಹಿಂದೆ ನಡೆಯುತ್ತಲೇ ಇರುತ್ತವೆ. ಒಳ್ಳೆಯ ಫೈಬರ್ ಸಂಪರ್ಕವಿದ್ದು ಚಾರ್ಜರ್ ಹಾಕಿಯೇ ಇದ್ದರೆ ಒಂದೆರಡು ದಿನದಲ್ಲಿ ಇದು ತಣ್ಣಗಾಗುತ್ತದೆ.

ಮಲೆನಾಡಿನಲ್ಲಿ ಹಾಗಾಗುವುದಿಲ್ಲ. ಕೊಪ್ಪ, ಶೃಂಗೇರಿ, ಆಲ್ದೂರು ಕಡೆಯ ಒಳಹಳ್ಳಿಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಎರಡು ಕಡ್ಡಿ ಸಿಗ್ನಲ್ ಹಿಡಿದು ಕೆಲಸ ಮಾಡುವವರ ಲ್ಯಾಪ್‌ಟಾಪ್‌ನಲ್ಲಿ ಗಂಟೆಯೊಳಗೆ ಮುಗಿಯಬೇಕಿದ್ದ ಡೌನ್‌ಲೋಡ್ ದಿನಗಟ್ಟಲೆ ತೆವಳುತ್ತದೆ, ಮಧ್ಯೆ ಕಡಿದುಹೋಗುತ್ತದೆ, ಮತ್ತೆ ಆರಂಭವಾಗುತ್ತದೆ. ಅಷ್ಟೂ ಹೊತ್ತು ಪ್ರೊಸೆಸರ್ ಮತ್ತು ವೈಫೈ ವಿಶ್ರಾಂತಿಗೆ ಹೋಗುವುದೇ ಇಲ್ಲ. ಹೊಸ ಓಎಸ್ ಕೆಟ್ಟದ್ದು ಎಂದು ತೀರ್ಮಾನಿಸಿದ ಹಲವರ ವಿಷಯದಲ್ಲಿ ನಿಜವಾದ ಕಾರಣ ಇದೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಮಾಡಬೇಕಾದದ್ದು ಎರಡು. ಮೊದಲನೆಯದಾಗಿ, ಹಾಸನಕ್ಕೋ ಚಿಕ್ಕಮಗಳೂರಿಗೋ ಹೋದಾಗ ನೆಂಟರ ಮನೆಯಲ್ಲಿ ಇಲ್ಲವೇ ಕಾಲೇಜಿನಲ್ಲಿ ವೇಗದ ವೈಫೈ ಸಿಕ್ಕರೆ, ಲ್ಯಾಪ್‌ಟಾಪನ್ನು ಚಾರ್ಜರ್‌ಗೆ ಹಾಕಿ, ಮುಚ್ಚದೆ, ನಿದ್ರೆಗೆ ಹೋಗದಂತೆ ಇಟ್ಟು, ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಬಾಕಿ ಇರುವುದೆಲ್ಲ ಮುಗಿದು ರೀಸ್ಟಾರ್ಟ್ ಆಗುವವರೆಗೆ ಬಿಡಬೇಕು. ಎರಡನೆಯದಾಗಿ, ಮನೆಯ ಹಾಟ್‌ಸ್ಪಾಟನ್ನು ಮೀಟರ್ಡ್ ಕನೆಕ್ಷನ್ (ಡೇಟಾ ಮಿತವಾಗಿ ಬಳಸಬೇಕಾದ ಸಂಪರ್ಕ) ಎಂದು ಗುರುತಿಸಬೇಕು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಆ ವೈಫೈನ ಪ್ರಾಪರ್ಟೀಸ್ ತೆರೆದರೆ ಈ ಸ್ವಿಚ್ ಇದೆ. ಆಗ ದೊಡ್ಡ ಡೌನ್‌ಲೋಡ್‌ಗಳು ಬಹುಮಟ್ಟಿಗೆ ನಿಲ್ಲುತ್ತವೆ. ಅದರಿಂದ ಅಪ್‌ಡೇಟ್‌ಗಳೂ ತಡವಾಗುವುದರಿಂದ ತಿಂಗಳಿಗೊಮ್ಮೆಯಾದರೂ ವೇಗದ ಸಂಪರ್ಕಕ್ಕೆ ಜೋಡಿಸುವುದನ್ನು ಮರೆಯಬಾರದು. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿನ ಡೆಲಿವರಿ ಆಪ್ಟಿಮೈಸೇಷನ್‌ನಲ್ಲಿ ಬೇರೆ ಕಂಪ್ಯೂಟರ್‌ಗಳೊಂದಿಗೆ ಹಂಚಿಕೊಳ್ಳುವ ಆಯ್ಕೆಯನ್ನೂ ಆಫ್ ಮಾಡಿಬಿಡಬಹುದು.

ಯಾವ ಆಪ್ ಚಾರ್ಜ್ ತಿನ್ನುತ್ತಿದೆ

ಹಿನ್ನೆಲೆ ಕೆಲಸ ಮುಗಿದ ಮೇಲೂ ಖರ್ಚು ಇಳಿಯದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಅಂಡ್ ಬ್ಯಾಟರಿ ಎಂಬ ಹಾದಿಯಲ್ಲಿ ಬ್ಯಾಟರಿ ಯೂಸೇಜ್ ತೆರೆಯಬೇಕು. ಕಳೆದ 24 ಗಂಟೆ ಅಥವಾ 7 ದಿನಗಳಲ್ಲಿ ಯಾವ ಆಪ್ ಎಷ್ಟು ಪಾಲು ಬಳಸಿತು, ಅದರಲ್ಲಿ ಕಣ್ಣೆದುರು ಎಷ್ಟು, ಹಿನ್ನೆಲೆಯಲ್ಲಿ ಎಷ್ಟು ಎಂಬುದು ಅಲ್ಲಿರುತ್ತದೆ. ನೀವು ತೆರೆದೇ ಇಲ್ಲದ ಆಪ್ ಮೇಲುಸಾಲಿನಲ್ಲಿದ್ದರೆ ಅದೇ ಅಪರಾಧಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಆಪ್ಸ್ ಪುಟದಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಬಹುದು. ಅಪ್‌ಗ್ರೇಡ್ ನಂತರ ಟೀಮ್ಸ್, ಒನ್‌ಡ್ರೈವ್‌ನಂಥವು ಅಲ್ಲಿ ಮತ್ತೆ ಆನ್ ಆಗಿವೆಯೇ ಎಂದು ನೋಡಬೇಕು. ಎರಡು ಆ್ಯಂಟಿವೈರಸ್‌ಗಳು ಒಟ್ಟಿಗಿದ್ದರೆ ಒಂದನ್ನು ತೆಗೆಯಲೇಬೇಕು.

ಇಲ್ಲಿ ರ‍್ಯಾಮ್ ವಿಷಯವನ್ನೂ ಹೇಳಬೇಕು. ವಿಂಡೋಸ್ 11ರ ಕನಿಷ್ಠ ಅಗತ್ಯ 4 ಜಿಬಿ ಎಂದು ಬರೆದಿರುವುದು ನಿಜ, ಆದರೆ 4 ಜಿಬಿಯಲ್ಲಿ ಕ್ರೋಮ್‌ನ ಹತ್ತು ಟ್ಯಾಬ್ ತೆರೆದರೆ ಯಂತ್ರ ಜಾಗ ಸಾಲದೆ ಡಿಸ್ಕ್‌ಗೂ ರ‍್ಯಾಮ್‌ಗೂ ನಡುವೆ ಮಾಹಿತಿಯನ್ನು ಎತ್ತಿ ಹಾಕುತ್ತಲೇ ಇರುತ್ತದೆ. ಅದರ ಬೆಲೆಯನ್ನು ಬ್ಯಾಟರಿ ತೆರುತ್ತದೆ. ಸ್ಲಾಟ್ ಇರುವ ಮಾದರಿಯಾದರೆ 8 ಜಿಬಿಗೆ ಏರಿಸುವುದು, ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸುವುದು ಉಪಯುಕ್ತ ಖರ್ಚು.

ಅಪ್‌ಗ್ರೇಡ್‌ನಲ್ಲಿ ಬದಲಾಗಿರಬಹುದಾದ ಸೆಟ್ಟಿಂಗ್‌ಗಳು

ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್‌ನಲ್ಲಿದ್ದರೆ, ಬ್ಯಾಟರಿಯಲ್ಲಿರುವಾಗ ಬ್ಯಾಲೆನ್ಸ್ಡ್ ಅಥವಾ ಬೆಸ್ಟ್ ಪವರ್ ಎಫಿಶಿಯೆನ್ಸಿಗೆ ತರಬೇಕು. ಪರದೆ ಆರುವ ಸಮಯವನ್ನು ಮೂರರಿಂದ ಐದು ನಿಮಿಷಕ್ಕೆ ಇಳಿಸಬೇಕು. 120 ಅಥವಾ 144 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಹೊಸದಾಗಿ ಮೂಡುವ) ಪರದೆಯಿರುವ ಲ್ಯಾಪ್‌ಟಾಪ್‌ನಲ್ಲಿ ಡಿಸ್‌ಪ್ಲೇ ವಿಭಾಗದ ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟಕ್ಕೆ ಹೋಗಿ 60 ಹರ್ಟ್ಸ್ ಆಯ್ದುಕೊಂಡರೆ ಖರ್ಚು ಇಳಿಯುತ್ತದೆ, ಬರವಣಿಗೆ, ಲೆಕ್ಕದ ಕೆಲಸಕ್ಕೆ ಯಾವ ತೊಂದರೆಯೂ ಆಗುವುದಿಲ್ಲ. ಪ್ರತ್ಯೇಕ ಎನ್‌ವಿಡಿಯಾ ಅಥವಾ ಎಎಂಡಿ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ಇನ್ನೊಂದು ವಿಷಯ ಗಮನಿಸಬೇಕು: ಬ್ರೌಸರ್‌ನಂಥ ಸಾಧಾರಣ ಆಪ್ ಆ ದೊಡ್ಡ ಚಿಪ್ಪನ್ನು ಎಬ್ಬಿಸಿ ಕೂರಿಸಿದ್ದರೆ ಖರ್ಚು ಹಲವು ವ್ಯಾಟ್ ಏರುತ್ತದೆ. ಡಿಸ್‌ಪ್ಲೇ ವಿಭಾಗದ ಗ್ರಾಫಿಕ್ಸ್ ಪುಟದಲ್ಲಿ ಆ ಆಪ್‌ಗೆ ಪವರ್ ಸೇವಿಂಗ್ ಎಂದು ಆಯ್ಕೆ ಮಾಡಬಹುದು.

ಚಾರ್ಜ್ ಶೇ. 60 ಅಥವಾ 80ಕ್ಕೇ ನಿಂತುಬಿಡುತ್ತಿದ್ದರೆ ಅದು ದೋಷವಲ್ಲದೆಯೂ ಇರಬಹುದು. ಲೆನೊವೊ, ಆಸುಸ್ ಮುಂತಾದ ತಯಾರಕರ ಆಪ್‌ಗಳಲ್ಲಿ ಬ್ಯಾಟರಿಯ ಆಯುಷ್ಯ ಉಳಿಸಲೆಂದು ಇಂಥ ಮಿತಿ ಇರುತ್ತದೆ. ಸದಾ ಚಾರ್ಜರ್‌ಗೆ ಹಾಕಿಯೇ ಬಳಸುವವರಿಗೆ ಅದು ಒಳ್ಳೆಯದೇ. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲದ ಊರಿನಲ್ಲಿ ಮಾತ್ರ ಆ ನಾಲ್ಕು ತಿಂಗಳು ಮಿತಿಯನ್ನು ತೆಗೆದು ಪೂರ್ತಿ ತುಂಬಿಸಿಟ್ಟುಕೊಳ್ಳುವುದೇ ಜಾಣತನ.

ಮುಚ್ಚಿಟ್ಟಾಗಲೂ ಇಳಿಯುವ ಚಾರ್ಜ್

ರಾತ್ರಿ ಶೇ. 90 ಇದ್ದ ಲ್ಯಾಪ್‌ಟಾಪ್ ಬೆಳಿಗ್ಗೆ ಶೇ. 60ಕ್ಕೆ ಬಂದಿದ್ದರೆ ಕಾರಣ ಬೇರೆ. ಈಚಿನ ಹಲವು ಲ್ಯಾಪ್‌ಟಾಪ್‌ಗಳು ಮುಚ್ಚಿದಾಗ ಹಳೆಯ ರೀತಿಯ ಗಾಢನಿದ್ರೆಗೆ ಹೋಗದೆ, ಮೊಬೈಲ್‌ನಂತೆ ಆಗಾಗ ಎಚ್ಚರಗೊಳ್ಳುವ ಮಾಡರ್ನ್ ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿರುತ್ತವೆ. ಚೀಲದೊಳಗೆ ಬಿಸಿಯಾಗುವುದೂ ಇದರ ಲಕ್ಷಣವೇ. ಹಿಂದೆ ಹೇಳಿದ ಆಜ್ಞೆಯಲ್ಲೇ ಬ್ಯಾಟರಿ ರಿಪೋರ್ಟ್ ಬದಲು ಸ್ಲೀಪ್ ಮತ್ತು ಸ್ಟಡಿ ಎಂಬ ಪದಗಳನ್ನು ಸೇರಿಸಿ ಬರೆದರೆ, ನಿದ್ರೆಯ ಹೊತ್ತಿನಲ್ಲಿ ಏನು ಯಂತ್ರವನ್ನು ಎಬ್ಬಿಸಿತು ಎಂಬ ವರದಿ ಸಿಗುತ್ತದೆ. ಇದಕ್ಕೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಬೇಕು. ವರದಿ ಓದುವ ತಾಳ್ಮೆ ಇಲ್ಲದವರಿಗೆ ಸುಲಭದ ದಾರಿ ಹೈಬರ್ನೇಟ್, ಅಂದರೆ ತೆರೆದಿರುವ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಯಂತ್ರ ಪೂರ್ತಿ ಆರುವ ಸ್ಥಿತಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಬ್ಯಾಟರಿಯಲ್ಲಿರುವಾಗ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗಲಿ ಎಂದು ಆಯ್ದುಕೊಂಡರೆ ತೆರೆಯುವಾಗ ಕೆಲವು ಸೆಕೆಂಡ್ ಹೆಚ್ಚು ಹಿಡಿಯುತ್ತದೆ, ಆದರೆ ಚಾರ್ಜ್ ಬಹುತೇಕ ಇದ್ದಲ್ಲೇ ಇರುತ್ತದೆ.

ಡ್ರೈವರ್ ಮತ್ತು ಬಯೋಸ್: ಇಲ್ಲಿ ಎಚ್ಚರ ಬೇಕು

ಅಪ್‌ಗ್ರೇಡ್‌ನಲ್ಲಿ ತಯಾರಕರ ಗ್ರಾಫಿಕ್ಸ್, ಚಿಪ್‌ಸೆಟ್ ಡ್ರೈವರ್‌ಗಳ (ಯಂತ್ರದ ಭಾಗಗಳನ್ನು ಓಎಸ್ ನಡೆಸಲು ಬೇಕಾದ ತಂತ್ರಾಂಶಗಳ) ಜಾಗದಲ್ಲಿ ಸಾಮಾನ್ಯ ಡ್ರೈವರ್ ಬಂದು ಕುಳಿತಿದ್ದರೆ, ಪ್ರೊಸೆಸರ್ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಸರಿಯಾಗಿ ಇಳಿಯುವುದಿಲ್ಲ, ವಿಡಿಯೋ ನೋಡುವಾಗ ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವೂ ಪ್ರೊಸೆಸರ್‌ನ ಹೆಗಲಿಗೆ ಬೀಳುತ್ತದೆ. ಲ್ಯಾಪ್‌ಟಾಪ್‌ನ ಕೆಳಭಾಗದಲ್ಲಿರುವ ಮಾದರಿ ಸಂಖ್ಯೆಯನ್ನು ತಯಾರಕರ ಅಧಿಕೃತ ತಾಣದಲ್ಲಿ ಹಾಕಿ ಚಿಪ್‌ಸೆಟ್, ಗ್ರಾಫಿಕ್ಸ್, ವೈಫೈ ಎಂಬ ಕ್ರಮದಲ್ಲಿ ವಿಂಡೋಸ್ 11ರ ಡ್ರೈವರ್‌ಗಳನ್ನು ಹಾಕಿಕೊಳ್ಳಬೇಕು. ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇವೆ ಎನ್ನುವ ಬೇರೆ ಉಚಿತ ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಬಯೋಸ್ (ಲ್ಯಾಪ್‌ಟಾಪ್ ಆನ್ ಆದಾಗ ಓಎಸ್‌ಗಿಂತ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್‌ನಿಂದಲೂ ಕೆಲವೊಮ್ಮೆ ವಿದ್ಯುತ್ ಬಳಕೆ ಸುಧಾರಿಸುತ್ತದೆ, ಆದರೆ ಅದು ಅರ್ಧದಲ್ಲಿ ನಿಂತರೆ ಲ್ಯಾಪ್‌ಟಾಪ್ ಮತ್ತೆ ಆನ್ ಆಗದೆಯೇ ಹೋಗಬಹುದು. ಗುಡುಗು ಮಳೆಯ ಸಂಜೆಯಲ್ಲಿ ಇದಕ್ಕೆ ಕೈ ಹಾಕಬಾರದು. ಚಾರ್ಜರ್ ಹಾಕಿದ್ದು, ಬ್ಯಾಟರಿಯೂ ತುಂಬಿರಬೇಕು. ಬ್ಯಾಟರಿ ತೀರ ಸವೆದಿದ್ದರೆ ಯುಪಿಎಸ್ ಇರುವ ಕಡೆಯೇ ಮಾಡಬೇಕು. ಅದಕ್ಕೂ ಮೊದಲು ಡಿಸ್ಕ್‌ಗೆ ಬಿಟ್‌ಲಾಕರ್ ಗೂಢಲಿಪೀಕರಣ (ಕಡತಗಳಿಗೆ ಹಾಕಿದ ರಹಸ್ಯ ಬೀಗ) ಇದೆಯೇ ನೋಡಿ, ಇದ್ದರೆ 48 ಅಂಕೆಗಳ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಬಯೋಸ್ ಬದಲಾದ ಮೇಲೆ ಯಂತ್ರ ಆ ಕೀ ಕೇಳಬಹುದು, ಆಗ ಅದಿಲ್ಲದಿದ್ದರೆ ಒಳಗಿನ ಕಡತಗಳು ಕೈಗೆ ಸಿಗುವುದಿಲ್ಲ.

ಶೇ. 30 ತೋರಿಸುತ್ತಿದ್ದಾಗಲೇ ಲ್ಯಾಪ್‌ಟಾಪ್ ಥಟ್ಟನೆ ಆರಿಹೋಗುತ್ತಿದ್ದರೆ ಬ್ಯಾಟರಿಯ ಅಳತೆಯ ಲೆಕ್ಕ ತಪ್ಪಿರಬಹುದು. ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ತಾನಾಗಿ ನಿಲ್ಲುವವರೆಗೆ ಬಳಸಿ, ಮತ್ತೆ ಅಡೆತಡೆಯಿಲ್ಲದೆ ಪೂರ್ತಿ ಚಾರ್ಜ್ ಮಾಡಿದರೆ ಲೆಕ್ಕ ಸರಿಹೋಗಬಹುದು. ಇದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಪದೇಪದೇ ಸೊನ್ನೆಗೆ ಇಳಿಸುವುದು ಲಿಥಿಯಂ ಬ್ಯಾಟರಿಗೆ ಹಾನಿ.

ಮ್ಯಾಕ್ ಮತ್ತು ಉಬುಂಟು ಬಳಸುವವರಿಗೆ

ಮ್ಯಾಕ್‌ನಲ್ಲೂ ಅಪ್‌ಗ್ರೇಡ್ ನಂತರ ಸ್ಪಾಟ್‌ಲೈಟ್ ಸೂಚಿ ಮಾಡುವುದು, ಫೋಟೋಸ್ ಚಿತ್ರಗಳನ್ನು ವಿಶ್ಲೇಷಿಸುವುದು ಕೆಲವು ದಿನ ನಡೆಯುತ್ತದೆ. ಆಕ್ಟಿವಿಟಿ ಮಾನಿಟರ್‌ನ ಎನರ್ಜಿ ಪುಟದಲ್ಲಿ ಯಾವುದು ಹೆಚ್ಚು ಬಳಸುತ್ತಿದೆ ಎಂಬುದು ತಿಳಿಯುತ್ತದೆ, ಸಿಸ್ಟಮ್ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಆರೋಗ್ಯದ ಪ್ರಮಾಣ ಸಿಗುತ್ತದೆ. ಈಚಿನ ಮ್ಯಾಕ್‌ಬುಕ್ ಬ್ಯಾಟರಿಗಳಿಗೆ ಆ್ಯಪಲ್ ಹೇಳುವ ಮಿತಿ 1000 ಸೈಕಲ್.

ಉಬುಂಟುವಿನಲ್ಲಿ ಯುಪವರ್ ಎಂಬ ಉಪಕರಣ ಸಾಮರ್ಥ್ಯವನ್ನೂ ಆ ಕ್ಷಣದ ವ್ಯಾಟ್ ಖರ್ಚನ್ನೂ ನೇರವಾಗಿ ತೋರಿಸುತ್ತದೆ. ಪವರ್‌ಟಾಪ್ ಯಾವ ಪ್ರಕ್ರಿಯೆ ಪ್ರೊಸೆಸರನ್ನು ಎಬ್ಬಿಸುತ್ತಿದೆ ಎಂದು ಹೇಳುತ್ತದೆ. ವಿದ್ಯುತ್ ಬಳಕೆ ನಿಯಂತ್ರಿಸುವ ಟಿಎಲ್‌ಪಿ ಮತ್ತು ಪವರ್ ಪ್ರೊಫೈಲ್ಸ್ ಡೀಮನ್ ಎರಡೂ ಒಟ್ಟಿಗೆ ಇದ್ದರೆ ಪರಸ್ಪರ ಜಗಳವಾಡುತ್ತವೆ, ಒಂದನ್ನು ತೆಗೆಯಬೇಕು. ಎನ್‌ವಿಡಿಯಾ ಇರುವವರು ಅಪ್‌ಗ್ರೇಡ್ ನಂತರ ಆ ಚಿಪ್ ಸದಾ ಎಚ್ಚರವಾಗಿದೆಯೇ ಎಂಬುದನ್ನು ಮೊದಲು ನೋಡಬೇಕು.

ಬ್ಯಾಟರಿಯನ್ನೇ ಬದಲಿಸಬೇಕಾದಾಗ

ಸಾಮರ್ಥ್ಯ ಅರ್ಧದ ಹತ್ತಿರಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯೇ ಪರಿಹಾರ. ಹಾಸನ ಇಲ್ಲವೇ ಚಿಕ್ಕಮಗಳೂರಿನ ಅಂಗಡಿಗೆ ಹೋಗುವ ಮೊದಲು ಬ್ಯಾಟರಿ ವರದಿಯನ್ನು ಮೊಬೈಲ್‌ಗೆ ಹಾಕಿಕೊಂಡು, ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋದರೆ ಮಾತು ಸುಲಭವಾಗುತ್ತದೆ. ಹಳೆಯ ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್ ಮತ್ತು ವೋಲ್ಟೇಜ್ ಹೊಸದರೊಂದಿಗೆ ತಾಳೆಯಾಗಬೇಕು. ಕಂಪನಿಯ ಬ್ಯಾಟರಿಯೇ, ಬೇರೆಯವರು ತಯಾರಿಸಿದ್ದೇ ಎಂದು ಕೇಳಿ ಬಿಲ್‌ನಲ್ಲಿ ಬರೆಸಬೇಕು, ವಾರಂಟಿಯ ಅವಧಿಯನ್ನೂ ಬರೆಸಬೇಕು. ಜೋಡಿಸಿದ ಮೇಲೆ ಅಂಗಡಿಯಲ್ಲೇ ಮತ್ತೊಮ್ಮೆ ವರದಿ ತೆಗೆದು ಡಿಸೈನ್ ಮತ್ತು ಫುಲ್ ಚಾರ್ಜ್ ಸಂಖ್ಯೆಗಳು ಹತ್ತಿರ ಹತ್ತಿರ ಇವೆಯೇ ಎಂದು ನೋಡಬೇಕು. ಶೆಲ್ಫ್‌ನಲ್ಲಿ ವರ್ಷಗಟ್ಟಲೆ ಕುಳಿತ ಬ್ಯಾಟರಿಯಾದರೆ ಅಲ್ಲೇ ಗೊತ್ತಾಗುವ ಸಾಧ್ಯತೆ ಹೆಚ್ಚು.

ಟಚ್‌ಪ್ಯಾಡ್ ಉಬ್ಬಿಕೊಂಡಿದ್ದರೆ, ಕೆಳಗಿನ ತಟ್ಟೆ ಬಿಗಿಯಾಗಿ ಕೂರದಿದ್ದರೆ ಅಥವಾ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲುಗಾಡುತ್ತಿದ್ದರೆ ಒಳಗಿನ ಬ್ಯಾಟರಿ ಊದಿರುವ ಸಾಧ್ಯತೆ ಇದೆ. ಆಗ ಮೇಲೆ ಹೇಳಿದ ಯಾವ ಪರೀಕ್ಷೆಯೂ ಬೇಡ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಆಫ್ ಮಾಡಿ, ಒತ್ತದೆ ಚುಚ್ಚದೆ ರಿಪೇರಿಯವರಿಗೆ ಒಪ್ಪಿಸಬೇಕು. ತೆಗೆದ ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬಾರದು, ಬೆಂಕಿಗಂತೂ ಹಾಕಲೇಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದ್ದು, ಹಾಗಾಗಿ ಹೊಸದನ್ನು ಕೊಂಡ ಕಡೆಯೇ ಹಳೆಯದನ್ನು ಕೊಟ್ಟು ಬರಬೇಕು.